ಮೂಲೆಯ ಕಸಕ್ಕೆ ಎಷ್ಟು ರೇಟು?

ಅತ್ತೆಯವರೇ,

ಮೊದಲೇ ಹೇಳಿಬಿಡುತ್ತೇನೆ, ಮೇಲೆ ಕೂತು ಬೈಯಬೇಡಿ. ಪುಣೆಯ ಮಗರಪಟ್ಟಾದ ಮನೆ ಏಜೆಂಟನೊಬ್ಬ ಕೊಡಬೇಕಿದ್ದ ಸಫಾಯಿ ಕೆಲಸ ಕೈತಪ್ಪಿ ಹೋಯಿತು. ಅದಕ್ಕೆ ಅರ್ಧ ಕಾರಣ ನೀವೇ.

ನೀವು ರೇಟು ಹೇಳುತ್ತಿದ್ದ ರೀತಿ ನೆನಪಾಗುತ್ತದೆ. ಬಾಡಿಗೆಯವರು ಬಿಟ್ಟುಹೋದ ಫ್ಲ್ಯಾಟು ತೊಳೆಯಲು ಎಷ್ಟು ಎಂದು ಫೋನಿನಲ್ಲಿ ಕೇಳಿದರೆ ಬಾಯಿಯೇ ಬಿಡುತ್ತಿರಲಿಲ್ಲ. ದವಡೆಯಲ್ಲಿ ಅಡಿಕೆ ಚೂರು ಇಟ್ಟುಕೊಂಡು ಹೋಗಿ, ಅಡುಗೆಮನೆ ಗೋಡೆಯ ಜಿಡ್ಡು ಬೆರಳಿಂದ ನೋಡಿ, ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಎಷ್ಟಿದೆ ಎಂದು ಬಗ್ಗಿ ನೋಡಿ, ಕೊನೆಗೆ ಕೇಳುತ್ತಿದ್ದಿರಿ: “ರೊಕ್ಕಾ ಯಾರ ಕಿಸೇದಿಂದ ಬರ್ತದರಿ? ನಿಮ್ಮದೋ, ಬಿಟ್ಟು ಹೋದವರ ಡಿಪಾಜಿಟ್‌ದಾಗಿಂದೋ?” ಎಷ್ಟು ಮಾಲೀಕರು ಸಿಡುಕಲಿಲ್ಲ! ಯಾರ ಕಿಸೆಯದಾದರೂ ನಿಮ್ಮ ರೇಟು ಒಂದೇ. ಮತ್ತೆ ಕೇಳುವುದೇಕೆ ಅಂದರೆ, “ಕೇಳಿದ್ರ ಅವರಿಗೆ ಒಂಚೂರು ನಾಚಿಕಿ ಬರ್ತದ” ಎನ್ನುತ್ತಿದ್ದಿರಿ.

ಹೋದ ತಿಂಗಳು ಆ ಏಜೆಂಟ ಒಂದು ಖಾಲಿ ಫ್ಲ್ಯಾಟು ನೋಡಲು ಕರೆದ. ಇದೊಂದು ಸರಿಹೋದರೆ ಅವನ ಕೈಯಲ್ಲಿರುವ ಖಾಲಿ ಫ್ಲ್ಯಾಟೆಲ್ಲ ನಮಗೇ ಅಂದ. ನನಗೂ, ನೀವೇ ಕೆಲಸ ಕಲಿಸಿದ ಪಕ್ಕದ ಮನೆ ರೇಣುಕಾಗೂ ವರ್ಷವಿಡೀ ದುಡಿಮೆ. ಬಾಗಿಲು ತೆಗೆದವನೇ ಹಾಲ್‌ನ ಮೂಲೆ ತೋರಿಸಿದ. ಗುಡಿಸಿ ಒಟ್ಟಿದ ಕಸದ ಗುಡ್ಡೆ, ಪಕ್ಕಕ್ಕೆ ಕಸಬರಿಗೆ. “ಬಘಾ ತಾಈ, ಕಿತಿ ಘಾಣ!” ಎಷ್ಟು ಹೊಲಸು ನೋಡು ಎಂದು ಮೂಗು ಮುಚ್ಚಿಕೊಂಡ. ಫೋಟೋ ಆಗಲೇ ಮಾಲೀಕನಿಗೆ ಹೋಗಿತ್ತು. ನೀನು ದೊಡ್ಡ ರೇಟು ಹೇಳು, ಬಿಟ್ಟು ಹೋದವರ ಡಿಪಾಸಿಟ್‌ನಲ್ಲಿ ಹಿಡಿಯುತ್ತೇವೆ ಎಂದ.

ಉಳಿದ ಮನೆ ಹೇಗಿತ್ತು ಗೊತ್ತೇ? ಅಡುಗೆಕಟ್ಟೆ ಫಳಫಳ, ನಲ್ಲಿಗಳನ್ನು ಕೂಡ ಒರೆಸಿದ್ದರು. ನಮ್ಮ ಕಡೆಯವರೇ ಇರಬೇಕು ಎಂದು ಆಗಲೇ ಅನಿಸಿತು. ದೇವರನ್ನು ಎತ್ತಿಕೊಂಡು ಹೊರಟ ಮೇಲೆ ಕಸ ಹೊರಗೆ ಚೆಲ್ಲಿದರೆ ಲಕ್ಷ್ಮಿಯನ್ನೇ ಚೆಲ್ಲಿದಂತೆ ಎಂದು ಮೂಲೆಯಲ್ಲೇ ಬಿಟ್ಟಿದ್ದಾರೆ. ಖಡಕಿಯ ಬಾಡಿಗೆ ಖೋಲಿ ಬಿಡುವಾಗ ನೀವೂ ಹಾಗೇ ಮಾಡಿದ್ದಿರಲ್ಲ? ಆ ಮಾಲೀಕ ಸಫಾಯಿ ಖರ್ಚು ಎಂದು ಡಿಪಾಸಿಟ್‌ನ ಅರ್ಧ ನುಂಗಿದ. ನಾವು ಕಣ್ಣೀರು ಹಾಕುತ್ತ ಕೂತರೆ ನೀವು, “ಮೂಲ್ಯಾಗಿನ ಕಸಕ್ಕ ಇಷ್ಟು ರೊಕ್ಕಾ? ಹಂಗಾದ್ರ ಈ ಕೆಲಸಾ ನಾವೇ ಮಾಡೂಣು, ಖರೇ ರೇಟಿಗೆ” ಎಂದಿರಿ. ನಮ್ಮ ಕಸುಬು ಹುಟ್ಟಿದ್ದೇ ಆ ಕಸದಿಂದ. ಹೀಗಿರುವಾಗ ನನ್ನ ಬಾಯಲ್ಲಿ ದೊಡ್ಡ ರೇಟು ಹೇಗೆ ಬರಬೇಕು?

“ಇದಕ್ಕೆ ಒಂದು ಚಹಾ ಕುಡಿಸಿ, ಸಾಕು” ಎಂದು ಮರಾಠಿಯಲ್ಲೇ ಹೇಳಿದೆ. ಅವನ ಮುಖ ನೀವು ನೋಡಬೇಕಿತ್ತು! ಚಹಾನೂ ಕುಡಿಸಲಿಲ್ಲ, ಮತ್ತೆ ಫೋನೂ ಮಾಡಲಿಲ್ಲ. ಬೇರೆ ಯಾರಿಂದಲೋ ದೊಡ್ಡ ರೇಟು ಬರೆಸಿಕೊಂಡನೋ, ಆ ಮನೆಯವರ ಹಣ ಅವರಿಗೆ ಸಿಕ್ಕಿತೋ, ಒಂದೂ ಗೊತ್ತಾಗಲಿಲ್ಲ. ರೇಣುಕಾ ಕೆಲವು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ತಾನೇ ಬಂದು, “ಅತ್ತಿ ಇದ್ರೂ ಇದನ್ನೇ ಅಂತಿದ್ರು, ಬಿಡ್ರಿ ಅಕ್ಕಾ” ಎಂದಳು. ಅಂತಿದ್ದಿರಿ ತಾನೇ? ನೀವು ಒಮ್ಮೆ ಹೂಂ ಅಂದಿದ್ದರೆ ನನಗೆ...

ಇರಲಿ. ಇನ್ನೊಂದು ಸುದ್ದಿ. ನೀವು ಕಣ್ಣುಮುಚ್ಚಿದ ಈ ಮನೆಯನ್ನು ನಾವು ಬಿಡುತ್ತಿದ್ದೇವೆ. ಮಾಲೀಕರ ಮಗನಿಗೆ ಮದುವೆ, ಮನೆ ಬೇಕಂತೆ. ಸ್ವಾರಗೇಟಿನ ಆಚೆ ಒಂದು ಖೋಲಿ ಸಿಕ್ಕಿದೆ. ಸೋಮವಾರ ಹೊರಡುತ್ತೇವೆ. ನಮ್ಮ ಡಿಪಾಸಿಟ್‌ನಲ್ಲಿ ಸಫಾಯಿಗೆ ಎಷ್ಟು ಹಿಡಿಯಬೇಕು ಎಂದು ಮಾಲೀಕರು ನನ್ನನ್ನೇ ಕೇಳಿದರು, ನಗು ಬಂತು. ದೇವರ ಜೊತೆ ನಿಮ್ಮ ಫೋಟೋವನ್ನೂ ಎತ್ತಿಕೊಂಡು, ಕಸವನ್ನು ಮೂಲೆಯಲ್ಲೇ ಬಿಟ್ಟು ಬರುತ್ತೇನೆ. ಅವರು ಏನು ಬೇಕಾದರೂ ಹಿಡಿದುಕೊಳ್ಳಲಿ. ಆದರೆ ನಿಮ್ಮ ಮಂಚವಿದ್ದ ಜಾಗವನ್ನು ನಿಧಾನವಾಗಿ, ಕೈಯಿಂದಲೇ ಗುಡಿಸುತ್ತೇನೆ. ಅಲ್ಲೆಲ್ಲಾದರೂ ನಿಮ್ಮ ಅಡಿಕೆ ಚೂರೊಂದು ಬಿದ್ದಿದ್ದರೆ, ಅದನ್ನು ಮಾತ್ರ ಬಿಟ್ಟು ಬರುವುದಿಲ್ಲ.

ನಿಮ್ಮ ಸೊಸೆ