ಮೂರನೆಯ ತಾಟಿನಿಂಗು

ಮೇ ೧೨, ಭಾನುವಾರ

ಆದಿಲಕ್ಷ್ಮೀ, ಅತ್ತೆಯ ದಿನಚರಿ ಪುಸ್ತಕ ಕದ್ದು ಓದುವುದಕ್ಕೆ ನಾಚಿಕೆಯಾಗಬೇಕು ನಿನಗೆ. ಹೋದ ವಾರದ ಪುಟದ ಮೇಲೆ ಅರಿಶಿನದ ಬೆರಳು ಮೂಡಿದೆ. ಓದುವುದಾದರೆ ಕೈಯನ್ನಾದರೂ ತೊಳೆದುಕೋ.

ಇವತ್ತು ಗೋದಾವರಿಯ ಮರಳುದಿಣ್ಣೆಗೆ ನಾವಿಬ್ಬರೇ ದೋಣಿಯಲ್ಲಿ ಹೋದೆವು. ಬಿಸಿಲಿಗೆ ನೀರು, ಮರಳು, ಆಕಾಶ ಎಲ್ಲ ಒಂದೇ ಬಿಳುಪಾಗಿ, ದೋಣಿ ಯಾವುದರ ಮೇಲೆ ತೇಲುತ್ತಿದೆಯೆಂದೇ ತಿಳಿಯಲಿಲ್ಲ. ದಡದ ತಾಳೆಮರದ ನೆರಳಲ್ಲಿ ಕಾಯಿ ಮಾರುವ ವೀರಾಸ್ವಾಮಿ ಒಂದು ತಾಟಿಕಾಯಿ ಕೆತ್ತಿ ಕೊಟ್ಟ. ಒಂದು ಕಾಯಿಗೆ ಮೂರು ನಿಂಗು, ಒಳಗೆ ನೀರು ತುಂಬಿದ ಎಳೆ ತಿರುಳು.

"ಇಬ್ಬರೇ ಇದ್ದೀರಲ್ಲಮ್ಮಾ, ಮೂರನೇದು ಕಾಗೇಗಾ?" ಅಂದ. ಊರಿಗೆ ಹೊಸಬ, ಅವನಿಗೇನು ಗೊತ್ತು.

"ನಿನ್ನ ಬಾಯಿಗೇ ತುರುಕ್ತೀನಿ. ಬೆರಳು ನೋಡ್ಕೊಂಡು ಕೆತ್ತು" ಅಂದೆ.

ಮೂರನೆಯದು ನಿನ್ನ ಮಗಳು ಸತ್ಯವೇಣಿಯದು. ಅವಳು ತಿನ್ನುವುದಕ್ಕೆ ಮೊದಲು ಹೆಬ್ಬೆರಳು ಚುಚ್ಚಿ, ಒಳಗಿನ ನೀರನ್ನು ನನ್ನ ಮುಖಕ್ಕೆ ಚಿಮ್ಮಿಸುತ್ತಿದ್ದಳು. ಆರು ವರ್ಷದ ಕೂಸನ್ನು ಒಂಬತ್ತು ದಿನದ ಜ್ವರ ಒಯ್ದು ಎರಡು ಬೇಸಿಗೆಯಾಯಿತು. ಅಂದಿನಿಂದ ನೀನು ಅವಳ ಮಾತೇ ಎತ್ತಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತೀಯ.

ಇವತ್ತು ಆ ನಿಂಗನ್ನು ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದೆ ನೀನು. ಆಮೇಲೆ ಹೆಬ್ಬೆರಳು ಚುಚ್ಚಿದೆ. ತಣ್ಣನೆಯ ನೀರು ನನ್ನ ಕಣ್ಣಿಗೇ ಹಾರಿತು.

"ಬುದ್ಧಿ ಇದೆಯೇನೇ ನಿನಗೆ?"

"ಅವಳಿಗಿಂತ ನನ್ನ ಗುರಿ ಚೆನ್ನಾಗಿದೆ ಅಲ್ವಾ ಅತ್ತೆ?"

ಅವಳಿಗಿಂತ ಅಂದೆಯಲ್ಲ, ನನಗೆ ಅಷ್ಟೇ ಸಾಕಾಯಿತು. ವಾಪಸು ಬರುವಾಗ ದೋಣಿಯಲ್ಲಿ ಮುಖ ಒರೆಸಿಕೊಳ್ಳಲಿಲ್ಲ. ಕೆನ್ನೆಯ ಮೇಲೆ ಅಂಟಂಟಾಗಿ ಒಣಗಿದೆ, ಇನ್ನೂ ತೊಳೆದಿಲ್ಲ.

ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ಜೂನ್ ಹುಟ್ಟುವುದರೊಳಗೆ ಅಲ್ಲಿ ಅವಳ ಹೆಸರು ಬರೆದಿಡು. ಅರಿಶಿನದ ಕೈಯಾದರೂ ಸರಿ.