ಸೋಮವಾರದ ಅರ್ಧ ತಾಸು

ಮಸ್ಕಿ
೧೬ ಜುಲೈ ೨೦೨೫

ಮಗಳೇ ದೀಪಾ,

ಲಿಂಗಸುಗೂರಾಗ ಅಳಿಯ, ಮೊಮ್ಮಕ್ಕಳು ಎಲ್ಲಾರೂ ಆರಾಮ ಅಂತ ತಿಳಕೊಂಡೀನಿ. ಎರಡು ವಾರದಿಂದ ಫೋನ್ ಎತ್ತಿಲ್ಲ ಅಂತ ಸಿಟ್ಟಾಗಬ್ಯಾಡ. ಗಂಟಲ ಉರಿಯಾಕತ್ತೈತಿ, ಮ್ಯಾಲ ನಿಮ್ಮಪ್ಪ ಎದುರಿಗೇ ಕುಂತಿರ್ತಾನ. ಇದನ್ನೆಲ್ಲ ಹೆಂಗ ಹೇಳಲಿ? ಅದಕ್ಕ ಬರ್ಯಾಕತ್ತೀನಿ.

ಶಿವರಾತ್ರಿಗೆ ಬಚ್ಚಲದಾಗ ಜಾರಿ ಕೈ ಮುರಕೊಂಡ್ನಲ್ಲ, ಅದರ ಕಟ್ಟು ಬಿಚ್ಚೋ ಮುಂದ ಸಿಂಧನೂರಿನ ಡಾಕ್ಟರ್ ನಸ್ರೀನ್ ವಾರಕ್ಕೊಂದು ಗುಳಿಗಿ ಬರದಿದ್ರು. ಭಾಳ ತಿಳಿಸಿ ಹೇಳಿದ್ರು ಆ ತಾಯಿ. "ಬಸ್ಸಮ್ಮಾರೆ, ಎಲುಬಿನ್ಯಾಗ ಹಳೇದನ್ನ ಕೆಡವೋವು ಒಂದಿಷ್ಟು, ಹೊಸಾದು ಕಟ್ಟೋವು ಒಂದಿಷ್ಟು ಇರ್ತಾವು. ಮುಟ್ಟು ನಿಂತ ಮ್ಯಾಲ ಕೆಡವೋದು ಜೋರಾಗ್ತೈತಿ. ಕುಂಬಾರಗ ವರ್ಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಂಗ. ಈ ಗುಳಿಗಿ ಎಲುಬಿಗೇ ಅಂಟಕೊಂಡು ಕೆಡವೋವನ್ನ ತಡೀತೈತಿ. ಖಾಲಿ ಹೊಟ್ಟಿಲೆ ದೊಡ್ಡ ಗ್ಲಾಸ್ ನೀರಾಗ ನುಂಗ್ರಿ. ಚಾ, ಹಾಲು ಕೂಡಿದ್ರ ಮೈಗೆ ಹತ್ತಂಗಿಲ್ಲ. ಅರ್ಧ ತಾಸು ನೆಟ್ಟಗ ಕುಂದ್ರಿ. ಬಗ್ಗಿದ್ರ, ಮಲಗಿದ್ರ ಅನ್ನನಾಳ ಸುಡ್ತೈತಿ."

ಅರ್ಧ ತಾಸು! ನಮ್ಮ ಮನ್ಯಾಗ ಮುಂಜಾನೆದ್ದು ಹೆಣ್ಣಮಕ್ಕಳು ಕುಂತಿದ್ದನ್ನ ಯಾವಾಗರ ಕಂಡೀಯೇನು? ಕುಂದ್ರತೀನಿ ಅಂದ್ರ ಸಾಕು, "ಅಂಗಳ ಕಸ ಹೊಡೀದ ಕುಂತ್ರ ಮನಿಗೆ ದರಿದ್ರ" ಅಂತಾನ ನಿಮ್ಮಪ್ಪ. ನಿನ್ನ ತಮ್ಮ ಶಿವರಾಜ ಬುತ್ತಿ ಎಲ್ಲಿ ಅಂತಾನ. ಈಶ್ವರನ ವಾರ, ಒಳ್ಳೇದಾಗ್ಲಿ ಅಂತ ಸೋಮವಾರ ಆರಿಸಿಕೊಂಡಾಕಿ ನಾನೇ, ಹುಚ್ಚಿ! ಮನಿ ಸಾರ್ಸೋದು, ಹೊಸ್ತಿಲ ತೊಳಿಯೋದು, ಬಗ್ಗೋ ಕೆಲಸ ಎಲ್ಲಾ ಅವತ್ತೇ. ಗುಳಿಗಿ ನುಂಗೋದು, ಬಗ್ಗೋದು, ಒಲಿ ಮುಂದ ಚಾ ಕುಡಿಯೋದು. ಮೂರು ತಿಂಗಳು ಹಿಂಗ ನಡೀತು. ಈಗ ನೀರು ಇಳಿಬೇಕಂದ್ರ ಕಣ್ಣಾಗ ನೀರು ಬರ್ತಾವು.

ಮೊನ್ನೆ ಡಾಕ್ಟರ್ ಮುಂದ ನಿಮ್ಮಪ್ಪ ಏನಂದ ಗೊತ್ತೈತೇನು? "ಎಷ್ಟು ಹೇಳಿದ್ರೂ ನಮ್ಮಾಕಿ ಕೇಳಂಗಿಲ್ರೀ ಮೇಡಂ." ಅಬ್ಬಬ್ಬಾ, ಏನು ನಾಲಿಗಿ ಅದು! ಮೈಯೆಲ್ಲ ಉರದು ಹೋತು ನನಗ. ಅನ್ನನಾಳದಾಗ ಹುಣ್ಣಾಗೈತಿ ಅಂತ ಡಾಕ್ಟರ್ ಗುಳಿಗಿ ನಿಲ್ಲಿಸ್ಯಾರ. ಹುಣ್ಣು ಮಾಯ್ದ ಮ್ಯಾಲ ಇಂಜೆಕ್ಷನ್ ನೋಡೋಣು, ಅಲ್ಲೀತನ ಬಿದ್ದು ಸೊಂಟ ಮುರಕೊಂಡ್ರ ಹಾಸಿಗಿ ಹಿಡೀತೀರಿ ಅಂದಾರ. ನಡೆಯಾಕ ಅಂಜಿಕಿ ಬರಾಕತ್ತೈತಿ.

ಮೊಮ್ಮಕ್ಕಳಿಗೆ ಮುತ್ತು ಕೊಡು. ನೀ ಗಟ್ಟಿಯಾಗಿ, ತಣ್ಣಗ ಬಾಳು ಮಗಳೇ.

ನಿನ್ನ ಅವ್ವ,
ಬಸ್ಸಮ್ಮ

ತಾ.ಕ.: ಬರೀಬಾರದು ಅಂತಿದ್ದೆ, ಆದ್ರ ಮನಸು ತಡೀವಲ್ದು. ಮೊದಲನೇ ಗುಳಿಗಿ ನುಂಗಿದ್ದು ಯುಗಾದಿ ಮರುದಿನ, ನೀ ಬಂದಾಗ. ಅವತ್ತು "ಅರ್ಧ ತಾಸು ನಾ ಏಳಂಗಿಲ್ಲ" ಅಂತ ಗಂಡಸರಿಬ್ಬರಿಗೂ ಖಡಕ್ ಹೇಳಿ ಕುಂತಿದ್ದೆ. ಇಬ್ಬರೂ ಸುಮ್ಮನಾಗಿದ್ರು. ಹತ್ತು ನಿಮಿಷಕ್ಕ ಒಳಗಿಂದ "ಯವ್ವಾ, ಏಳಬೇ, ಎಲ್ಲಾರೂ ಚಾಕ್ಕ ಕಾಯಾಕತ್ತಾರ" ಅಂತ ಕೂಗಿದಾಕಿ ನೀನು. ಅವರಿಬ್ಬರೂ ನಕ್ಕರು. ನಾ ಎದ್ದೆ. ಮತ್ತ ಕುಂತಿಲ್ಲ.