ಜೋಳದ ಕಣಜದಲ್ಲಿಟ್ಟ ಕಲ್ಲು

ತಳಕಲ್,
೧೪ ಜೂನ್ ೨೦೨೫

ಪ್ರೀತಿಯ ಅತ್ತೆಯವರಿಗೆ ನೇತ್ರಾವತಿಯ ಶರಣು.

ನಿಮ್ಮ ಮೊಣಕಾಲು ನೋವು ಹೇಗಿದೆ? ಬಾಣಂತನ ಮಾಡಲು ಹೋದವರು ನೀವೂ ಹೊತ್ತಿಗೆ ಸರಿಯಾಗಿ ಉಣ್ಣಿರಿ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಕೂಗಿ ಹೇಳಿದರೆ ಇಡೀ ಓಣಿಗೆ ಕೇಳಿಸುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಮಗಳು ಸುರೇಖಾ ಓದಿ ಹೇಳಲಿ.

ನಮ್ಮ ಹಿತ್ತಲಿನ ತಗಡು ತೂತು ಮಾಡಿಕೊಂಡು ಬಿದ್ದ ಆ ಕರಿ ಕಲ್ಲನ್ನು ಪರೀಕ್ಷೆಗೆ ಒಯ್ದಿದ್ದ ಕೊಪ್ಪಳ ಕಾಲೇಜಿನ ರಜಿಯಾಬೇಗಂ ಮೇಡಂ ನಿನ್ನೆ ಮತ್ತೆ ಬಂದಿದ್ದರು. ಅದು ಆಕಾಶದಿಂದಲೇ ಬಿದ್ದ ಉಲ್ಕೆಯಂತೆ. ಕೊಯ್ದ ಒಂದು ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಒಳಗೆಲ್ಲ ನವಣೆಯಂಥ ದುಂಡು ಕಾಳು! ಸೂರ್ಯ ಆಗಷ್ಟೇ ಹುಟ್ಟಿದ್ದಾಗ ಸುತ್ತಲಿನ ಧೂಳು ಕರಗಿ, ಹನಿಯಾಗಿ, ಆರಿ ಗಟ್ಟಿಯಾದ ಕಾಳುಗಳಂತೆ ಅವು. ಇಂಥ ಕಲ್ಲುಗಳು ಕೂಡಿ ಕೂಡಿಯೇ ಭೂಮಿ ಆಯಿತಂತೆ. ಭೂಮಿಯೊಳಗೆ ಎಲ್ಲ ಬೆಂದು ಗುರುತಳಿದು ಹೋಗಿದೆ, ಇದೊಂದು ಚೂರು ಹಾಗೇ ಉಳಿದಿದೆ. ನಾನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು ಎಂದಾಗ ಮಾವನವರು ಕುರ್ಚಿಯಿಂದ ಎದ್ದೇ ಬಿಟ್ಟರು.

ನಾನು ಮದುವೆಯಾಗಿ ಬಂದ ವಾರದಲ್ಲೇ ಅದು ಬಿದ್ದಿತ್ತು. ಪಕ್ಕದ ಮನೆಯ ಬಸವಣ್ಣೆಮ್ಮ, "ಹೊಸ ಸೊಸಿ ಕಾಲ್ಗುಣ ನೋಡ್ರಿ" ಅಂದರು. ಶಾಂತಿ ಮಾಡಿಸುವವರೆಗೆ ನಾನು ತವರಿನಲ್ಲಿರಲಿ ಎಂದು ಮಾವನವರೂ ಹೇಳಿದರು. ನಾನು ಒಲೆ ಮುಂದೆ ಅಳುತ್ತ ಕುಳಿತಿದ್ದೆ. ಆಗ ನೀವು ಅಂಗಳದಲ್ಲಿ ನಿಂತು, "ಕಲ್ಲು ಮುಗಲಿಂದ ಬಂದೈತಿ, ನನ್ನ ಸೊಸಿ ಕಾರಟಗಿಯಿಂದ ಬಂದಾಳ. ಎರಡಕ್ಕೂ ಏನ ಸಂಬಂಧ?" ಎಂದಿರಿ. ಯಾರೂ ಶಾಂತಿಯ ಹೆಸರಿನಲ್ಲಿ ಅದಕ್ಕೆ ನೀರು ಹಾಲು ಹೊಯ್ಯದಂತೆ ಅರಿವೆಯಲ್ಲಿ ಸುತ್ತಿ ಜೋಳದ ಕಣಜದಲ್ಲಿಟ್ಟಿರಿ. ನೀರು ತಾಗಿದ್ದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದು ಪರೀಕ್ಷೆಯೇ ಕೆಡುತ್ತಿತ್ತಂತೆ. "ಇದನ್ನ ಕಾದಿಟ್ಟವರು ಯಾರ್ರಿ?" ಎಂದು ಮೇಡಂ ಕೇಳಿದಾಗ ನಾನು ನಿಮ್ಮ ಹೆಸರು ಹೇಳಿದೆ. ಕಾದಿಟ್ಟದ್ದು ಕಲ್ಲನ್ನಷ್ಟೇ ಅಲ್ಲವಲ್ಲ, ಅತ್ತೆ.

ಅವರು ಹೋದ ಮೇಲೆ ಮಾವನವರು, "ನೇತ್ರವ್ವ, ನಂದು ತಪ್ಪಾತವ್ವ" ಅಂದರು. ನಾನು ಎದ್ದು ಅವರಿಗೆ ಚಹಾ ಇಟ್ಟೆ.

ಸುರೇಖಾಳನ್ನು ಕೇಳಿದೆನೆಂದು ಹೇಳಿರಿ, ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿಮ್ಮ ಸೊಸೆ,
ನೇತ್ರಾವತಿ

ತಾ.ಕ.: ಪಿಯುಸಿಗೆ ನಿಲ್ಲಿಸಿದ ಓದನ್ನು ಕೊಪ್ಪಳದಲ್ಲಿ ಬಿ.ಎಸ್ಸಿ. ಸೇರಿ ಮುಂದುವರಿಸಬೇಕೆಂಬ ಆಸೆ ಹುಟ್ಟಿದೆ. ಇವರು ಹೂಂ ಅಂದಿದ್ದಾರೆ. ಧೈರ್ಯ ಮಾಡಿ ಮಾವನವರನ್ನೂ ಕೇಳಿದೆ. "ನಿಮ್ಮತ್ತಿನ್ನ ಕೇಳು, ಆಕಿ ಹೇಳಿದ್ದಽ ಖರೆ" ಅಂದರು. ಅದಕ್ಕೇ ಈ ಕಾಗದ, ಅತ್ತೆ.